ಮೂರು ಡಾಕ್ಟರು, ಮೂರು ಮಾತು: ಅಮ್ಮನ ಮೊಣಕಾಲಿಗೆ ಯಾವ ಚಿಕಿತ್ಸೆ?

ಪ್ರಶ್ನೆ: ನಾವು ಶಂಕರಪುರದ ಹತ್ತಿರದವರು. ಅಮ್ಮನಿಗೆ 63 ವರ್ಷ, ತೂಕ 74 ಕೆ.ಜಿ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಗೊಳ್ತಾರೆ. ಬೆಳಿಗ್ಗೆ ಮಲ್ಲಿಗೆ ಮೊಗ್ಗು ಕೊಯ್ದು, ನೆಲದಲ್ಲಿ ಕಾಲು ಮಡಚಿ ಕೂತು ಕಟ್ಟಿ, ಹೂವು ಕೊಳ್ಳುವ ಕಟ್ಟೆಗೆ ಕಳಿಸುವುದು ಅವರ ಎಷ್ಟೋ ವರ್ಷದ ಕೆಲಸ. ಎರಡು ವರ್ಷದಿಂದ ಬಲ ಮೊಣಕಾಲು ನೋವು. ಈ ಮಳೆಗಾಲದಲ್ಲಿ ತುಂಬಾ ಜಾಸ್ತಿಯಾಯಿತು. ಉಡುಪಿಯಲ್ಲಿ ಒಬ್ಬರು ಎಕ್ಸ್‌ರೇ ನೋಡಿ, ಇಂಜೆಕ್ಷನ್ ಕೊಡುವ, ವ್ಯಾಯಾಮ ಮಾಡಿ ಎಂದರು. ಮಂಗಳೂರಲ್ಲಿ ಇನ್ನೊಬ್ಬರು ಎಂಆರ್‌ಐ ಮಾಡಿಸಿ, ಒಳಗೆ ಕುಶನ್ ಹರಿದಿದೆ, ದುರ್ಬೀನು ಹಾಕಿ ಕ್ಲೀನ್ ಮಾಡಬೇಕು ಎಂದರು. ಮೂರನೆಯವರು ಎರಡೂ ಕಾಲಿನ ಚಿಪ್ಪು ಒಟ್ಟಿಗೆ ಬದಲಿಸಿಬಿಡಿ ಅಂತಾರೆ. ಪಕ್ಕದ ಮನೆಯವರು ರಕ್ತದಿಂದ ತೆಗೆದ ಪಿಆರ್‌ಪಿ ಇಂಜೆಕ್ಷನ್ ಒಳ್ಳೆಯದು ಎನ್ನುತ್ತಾರೆ. ಮಾವ ಒಂದು ಎಣ್ಣೆ ಮತ್ತು ಪುಡಿ ಕೊಡಿಸಿದ್ದಾರೆ. ಆಪರೇಷನ್ ಆದವರು ಮಂಚ ಹಿಡಿಯುತ್ತಾರೆ ಅಂತ ಅಮ್ಮನಿಗೆ ಹೆದರಿಕೆ. ಯಾವುದು ಸರಿ? ಅವರು ಇನ್ನು ಮಲ್ಲಿಗೆ ಕಟ್ಟಬಹುದಾ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಯಾವ ಚಿಕಿತ್ಸೆ ಎನ್ನುವುದಕ್ಕಿಂತ, ಯಾರ ಮಾತು ನಂಬುವುದು ಎನ್ನುವುದೇ ನಿಮಗೆ ದೊಡ್ಡ ತಲೆಬಿಸಿ ಆಗಿರುವ ಹಾಗಿದೆ. ಒಂದೇ ಮೊಣಕಾಲಿಗೆ ಐದು ಜನ ಐದು ದಾರಿ ತೋರಿಸಿದರೆ ಯಾರಿಗಾದರೂ ಹಾಗೇ ಆಗುತ್ತದೆ. ನಿಮ್ಮ ಅಮ್ಮನ ಕಾಲನ್ನು ನಾನು ಮುಟ್ಟಿ ನೋಡಿಲ್ಲ, ಹಾಗಾಗಿ ಇದೇ ಮಾಡಿಸಿ ಅಂತ ಇಲ್ಲಿ ಕೂತು ಹೇಳಲಾರೆ. ಆದರೆ ನೀವು ಹೆಸರು ಹೇಳಿದ ಚಿಕಿತ್ಸೆಗಳಲ್ಲಿ ಹೆಚ್ಚಿನವನ್ನು ಒಂದರ ಎದುರು ಇನ್ನೊಂದನ್ನು ಇಟ್ಟು ಪರೀಕ್ಷಿಸಿ ನೋಡಿದ್ದಾರೆ. ಅದರಲ್ಲಿ ಸಿಕ್ಕಿದ್ದೇನು ಅಂತ ಹೇಳಬಲ್ಲೆ. ಎಲುಬಿನ ಡಾಕ್ಟರಾಗಿ 20 ವರ್ಷಕ್ಕೂ ಮೇಲೆ ಮಂಗಳೂರಿನಲ್ಲಿ ನೋಡಿದ್ದನ್ನೂ ಸೇರಿಸುತ್ತೇನೆ.

ಮೊದಲು ಮೊಣಕಾಲಿನ ಒಳಗೆ ಏನಾಗಿದೆ ಅಂತ ನೋಡುವ. ತೊಡೆ ಎಲುಬಿನ ತುದಿಗೆ, ಕಾಲಿನ ಎಲುಬಿನ ತಲೆಗೆ ನುಣ್ಣಗಿನ ಒಂದು ಹೊದಿಕೆ ಇದೆ. ಎಳನೀರಿನ ಒಳಗಿನ ಬಲಿತ ಗಂಜಿಯ ಹಾಗೆ ಬಿಳಿ, ಜಾರುವಂಥದ್ದು, ಆದರೆ ಗಟ್ಟಿ. ವಯಸ್ಸು, ತೂಕ, ಹಳೆಯ ಪೆಟ್ಟು, ಮನೆತನದ ಗುಣ ಎಲ್ಲ ಸೇರಿ ಇದು ತೆಳ್ಳಗಾಗುತ್ತಾ ಬರುತ್ತದೆ. ಇದನ್ನೇ ನಾವು ಸವೆತ ಎನ್ನುವುದು. "ಗ್ಯಾಪ್ ಕಮ್ಮಿಯಾಗಿದೆ" ಅಂತ ಡಾಕ್ಟರು ಎಕ್ಸ್‌ರೇ ತೋರಿಸಿ ಹೇಳಿದರೆ, ಹೊದಿಕೆ ಸವೆದು ಎರಡು ಎಲುಬು ಹತ್ತಿರ ಬಂದಿವೆ ಎಂದು ಅರ್ಥ. "ಗ್ರೀಸ್ ಒಣಗಿದೆ" ಎನ್ನುವ ಮಾತು ಸರಿಯಲ್ಲ. ಸವೆದ ಕೀಲಿನಲ್ಲಿ ಎಷ್ಟೋ ಸಲ ನೀರು ಜಾಸ್ತಿಯೇ ತುಂಬಿರುತ್ತದೆ, ಬಾವು ಬರುವುದು ಅದರಿಂದಲೇ.

ಈ ಹೊದಿಕೆಗೆ ನರವೇ ಇಲ್ಲ. ಸವೆತ ತಾನಾಗಿ ನೋಯುವುದಿಲ್ಲ. ನೋವು ಬರುವುದು ಅದರ ಕೆಳಗಿನ ಎಲುಬಿನಿಂದ, ಕೀಲಿನ ಒಳಪೊರೆ ಊದಿಕೊಂಡಾಗ, ಭಾರ ಹೊರಬೇಕಾದ ತೊಡೆಯ ಸ್ನಾಯು ಸೋತಾಗ. ಎಕ್ಸ್‌ರೇಗೂ ನೋವಿಗೂ ತಾಳೆಯಾಗದಿರುವುದು ಇದೇ ಕಾರಣಕ್ಕೆ. ಬೀಡಿ ಕಟ್ಟುವ ಒಬ್ಬ ಅಮ್ಮ ನನ್ನಲ್ಲಿಗೆ ಬರುತ್ತಾರೆ. ಎಕ್ಸ್‌ರೇಯಲ್ಲಿ ನಾಲ್ಕನೇ ಗ್ರೇಡ್, ಅಂದರೆ ಕೊನೆಯ ಹಂತ. ಕಾಲು ಸ್ವಲ್ಪ ಬಿಲ್ಲಿನ ಹಾಗೆ ಬಾಗಿದೆ. ಆದರೂ ಬ್ರಾಂಚಿಗೆ ಬೀಡಿ ಕೊಡಲು ದಿನಾ ಗುಡ್ಡ ಇಳಿದು ಹತ್ತುತ್ತಾರೆ. ಇನ್ನೊಬ್ಬರಿಗೆ ಎರಡನೇ ಗ್ರೇಡ್ ಅಷ್ಟೇ, ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ನಾವು ಚಿಕಿತ್ಸೆ ಮಾಡಬೇಕಾದದ್ದು ಆ ಇಬ್ಬರು ಅಮ್ಮಂದಿರಿಗೆ, ಫಿಲ್ಮಿಗೆ ಅಲ್ಲ.

ಇನ್ನು, ಎಲ್ಲರ ಮದ್ದೂ ಯಾರೋ ಒಬ್ಬರಿಗೆ "ಗುಣ ಕೊಟ್ಟಿದೆ", ಹೇಗೆ? ಇದನ್ನು ಅರ್ಥ ಮಾಡಿಕೊಂಡರೆ ನಿಮ್ಮ ಅರ್ಧ ಗೊಂದಲ ಹೋಗುತ್ತದೆ.

ಸವೆತದ ನೋವು ಸಮುದ್ರದ ತೆರೆಯ ಹಾಗೆ, ಏರುತ್ತದೆ, ಇಳಿಯುತ್ತದೆ. ಜನ ಡಾಕ್ಟರ ಹತ್ತಿರ ಬರುವುದು ನೋವು ಇಳಿದಾಗ ಅಲ್ಲ ಅಲ್ವಾ? ಏರಿದಾಗ. ಆಟಿ ತಿಂಗಳಲ್ಲಿ, ಅಂದರೆ ಜೋರು ಮಳೆಗಾಲದಲ್ಲಿ, ನನ್ನ ಕ್ಲಿನಿಕ್ಕಿನ ಹೊರಗೆ ಕೂರಲು ಜಾಗ ಇರುವುದಿಲ್ಲ. "ಕಾರ್ ಬೇನೆ ಡಾಕ್ಟ್ರೆ" (ತುಳುವಿನಲ್ಲಿ ಕಾಲು ನೋವು) ಅಂತ ಒಬ್ಬರ ಹಿಂದೆ ಒಬ್ಬರು. ಅದರಲ್ಲಿ ಎಷ್ಟೋ ಜನ ನವರಾತ್ರಿ ಹೊತ್ತಿಗೆ ತಾವಾಗಿಯೇ ಹಗುರವಾಗುತ್ತಾರೆ. ಆಟಿಯಲ್ಲಿ ಇಂಜೆಕ್ಷನ್ ತಗೊಂಡವರು ಇಂಜೆಕ್ಷನ್ನಿಂದ ಎನ್ನುತ್ತಾರೆ. ಎಣ್ಣೆ ಹಚ್ಚಿದವರು ಎಣ್ಣೆಯಿಂದ ಎನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಏನೂ ಮಾಡದೆ ಇದ್ದಿದ್ದರೆ ಏನಾಗುತ್ತಿತ್ತು ಎನ್ನುವುದು ಮಾತ್ರ ಅವರಿಗೆ ಕಾಣುವುದಿಲ್ಲ. ಅದನ್ನು ಕಾಣಲಿಕ್ಕೆ ಒಂದೇ ದಾರಿ. ಒಂದೇ ಥರದ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಬೇಕು. ಒಂದಕ್ಕೆ ಈ ಚಿಕಿತ್ಸೆ, ಇನ್ನೊಂದಕ್ಕೆ ಬೇರೆಯದ್ದು. ಒಂದೋ ಎರಡೋ ವರ್ಷ ಬಿಟ್ಟು ಇಬ್ಬರನ್ನೂ ಒಂದೇ ಅಳತೆಯಲ್ಲಿ ಅಳೆಯಬೇಕು.

ಬರೀ ಕಣ್ಣಿಗೆ ಕಂಡದ್ದನ್ನು ನಂಬಿ ನಾನೂ ಮೋಸ ಹೋಗಿದ್ದೇನೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಸವೆದ ಮೊಣಕಾಲಿಗೆ ದುರ್ಬೀನು ಹಾಕಿ ತೊಳೆಯುವ ಆಪರೇಷನ್ ನಾನೂ ಮಾಡಿದ್ದೇನೆ. ಸಣ್ಣ ತೂತು, ಮರುದಿನ ಮನೆಗೆ. ಹದಿನೈದು ದಿನ ಬಿಟ್ಟು ನಗುತ್ತಾ ಬರುತ್ತಿದ್ದರು. ತೊಳೆದದ್ದು ಒಳ್ಳೆಯದಾಯಿತು ಅಂತ ನಾನು ನಂಬಿದ್ದೆ. ಅದೇ ಮುಖಗಳು ವರ್ಷ ಕಳೆದ ಮೇಲೆ ಅದೇ ನೋವು ಹೇಳಿಕೊಂಡು ತಿರುಗಿ ಬಂದಾಗ, ಸವೆತ ಮುಂದುವರಿದಿರಬೇಕು ಅಂದುಕೊಂಡೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮಾಡಿದ ಒಂದು ಪರೀಕ್ಷೆ 2002ರಲ್ಲೇ ಪ್ರಕಟವಾಗಿತ್ತು. ನಾನು ಅದನ್ನು ಗಮನ ಕೊಟ್ಟು ಓದಿದ್ದು ತಡವಾಗಿ.

ಅದರಲ್ಲಿ ಮೊಣಕಾಲು ಸವೆತದ 180 ಜನ ಇದ್ದರು. ಚೀಟಿ ಎತ್ತಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಒಳಗೆ ಕೆರೆದು ಕ್ಲೀನ್ ಮಾಡಿದರು. ಇನ್ನೊಂದಕ್ಕೆ ಬರೀ ನೀರು ಹಾಯಿಸಿ ತೊಳೆದರು. ಮೂರನೇ ಗುಂಪಿಗೆ ಚರ್ಮದ ಮೇಲೆ ಸಣ್ಣ ಗಾಯ ಮಾಡಿ ಹೊಲಿಗೆ ಹಾಕಿದರು, ಅಷ್ಟೇ. ಒಳಗೆ ಏನೂ ಮಾಡಲಿಲ್ಲ. ಇಂಥ ಒಂದು ಗುಂಪು ಇರುತ್ತದೆ ಅಂತ ರೋಗಿಗಳಿಗೆ ಮೊದಲೇ ಹೇಳಿ ಒಪ್ಪಿಗೆ ತಗೊಂಡಿದ್ದರು, ಆದರೆ ತಾವು ಯಾವ ಗುಂಪು ಅಂತ ಯಾರಿಗೂ ಗೊತ್ತಿರಲಿಲ್ಲ. ಎರಡು ವರ್ಷ ಅಳೆದರು. ನೋವಿನಲ್ಲಿ, ನಡಿಗೆಯಲ್ಲಿ, ಮೆಟ್ಟಿಲು ಹತ್ತುವುದರಲ್ಲಿ, ಕ್ಲೀನ್ ಮಾಡಿಸಿಕೊಂಡವರು ಬರೀ ಹೊಲಿಗೆ ಹಾಕಿಸಿಕೊಂಡವರಿಗಿಂತ ಒಂದು ಹೆಜ್ಜೆಯೂ ಮುಂದಿರಲಿಲ್ಲ.

ಆ ದಿನ ನನಗೆ ನಿದ್ದೆ ಬರಲಿಲ್ಲ. ನಾನು ಮಾಡಿದ ಆಪರೇಷನ್‌ಗಳು, ಅದಕ್ಕೆ ಚಿನ್ನ ಅಡವಿಟ್ಟವರು, ಎಲ್ಲ ನೆನಪಾಯಿತು.

ಈಗ ನಿಮ್ಮ ಎರಡನೇ ಡಾಕ್ಟರ ಮಾತಿಗೆ ಬರುವ. "ನಮಗೆ ಸುಮ್ನೆ ಕ್ಲೀನಿಂಗ್ ಹೇಳಿದ್ದಲ್ಲ, ಎಂಆರ್‌ಐಯಲ್ಲಿ ಕುಶನ್ ಹರಿದದ್ದು ಕಾಣುತ್ತದೆ" ಅಂತ ನೀವು ಕೇಳಬಹುದು. ಕುಶನ್ ಎಂದರೆ ಮೆನಿಸ್ಕಸ್, ಎರಡು ಎಲುಬಿನ ನಡುವೆ ಇರುವ ರಬ್ಬರಿನಂಥ ಗಾದಿ. ಅಮೆರಿಕದಲ್ಲಿ ಒಂದೇ ಊರಿನ 50ರಿಂದ 90 ವರ್ಷದ 991 ಜನರಿಗೆ, ನೋವು ಇದ್ದವರು ಇಲ್ಲದವರು ಎಂದು ನೋಡದೆ ಎಂಆರ್‌ಐ ಮಾಡಿದರು. 2008ರಲ್ಲಿ ಪ್ರಕಟವಾದದ್ದು. ಗಾದಿ ಹರಿದಿದ್ದವರಲ್ಲಿ ನೂರಕ್ಕೆ 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ನೋವು, ಬಿಗಿತ ಏನೂ ಇರಲಿಲ್ಲ. 60 ದಾಟಿದ ಮೊಣಕಾಲಿನಲ್ಲಿ ಗಾದಿ ಹರಿಯುವುದು ತಲೆಗೂದಲು ಬೆಳ್ಳಗಾಗುವ ಥರದ್ದು. ಅದು ಇದೆ ಎಂದ ಮಾತ್ರಕ್ಕೆ ನೋವು ಅದರಿಂದಲೇ ಎಂದಾಗುವುದಿಲ್ಲ.

ಫಿನ್ಲೆಂಡಿನಲ್ಲಿ, ಸವೆತ ಇಲ್ಲದ ಆದರೆ ಗಾದಿ ಹರಿದ 146 ಜನರಲ್ಲಿ ಹರಿದ ತುಂಡು ಕತ್ತರಿಸುವ ಆಪರೇಷನ್ನನ್ನೂ ಸುಮ್ನೆ ನಾಟಕದ ಆಪರೇಷನ್ನನ್ನೂ ಹೋಲಿಸಿದರು. ಒಂದು ವರ್ಷದ ನಂತರ ವ್ಯತ್ಯಾಸ ಇಲ್ಲ. ಇಂಥವು ಸಾಲಾಗಿ ಬಂದ ಮೇಲೆ, 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ತಜ್ಞರ ಒಂದು ತಂಡ ಸವೆತದ ಮೊಣಕಾಲಿಗೆ ಹೆಚ್ಚುಕಮ್ಮಿ ಯಾರಿಗೂ ಈ ಆಪರೇಷನ್ ಬೇಡ ಎಂದು ಗಟ್ಟಿಯಾಗಿಯೇ ಹೇಳಿತು. ನಾನೂ ನಿಮಗೆ ಅದನ್ನೇ ಹೇಳುತ್ತೇನೆ. ನಿಮ್ಮ ಅಮ್ಮನ ವಯಸ್ಸಿಗೆ, ಎಕ್ಸ್‌ರೇಯಲ್ಲಿ ಸವೆತ ಇರುವಾಗ, ದುರ್ಬೀನಿನ ಕ್ಲೀನಿಂಗ್ ಬೇಡ. ಇದಕ್ಕೆ ಒಂದು ವಿನಾಯಿತಿ ಇದೆ. ಮೊಣಕಾಲು ಒಮ್ಮೆಲೇ ಲಾಕ್ ಆಗಿ, ಎಷ್ಟು ಮಾಡಿದರೂ ನೆಟ್ಟಗೆ ಮಾಡಲಿಕ್ಕೇ ಆಗದಿದ್ದರೆ ಒಳಗೆ ತುಂಡು ಸಿಕ್ಕಿಹಾಕಿಕೊಂಡಿರಬಹುದು. ಆಗಿನ ಲೆಕ್ಕ ಬೇರೆ. ಬರೀ ಕಟ ಕಟ ಸದ್ದು ಬರುವುದು ಲಾಕ್ ಅಲ್ಲ.

ಇಂಜೆಕ್ಷನ್ನಿನಲ್ಲಿ ಮೂರು ಬಗೆ. ಉಡುಪಿಯ ಡಾಕ್ಟರು ಹೇಳಿದ್ದು ಸ್ಟೆರಾಯ್ಡ್ ಇರಬೇಕು. ಬಾವು ಬಂದು ರಾತ್ರಿ ನಿದ್ದೆ ಇಲ್ಲದವರಿಗೆ ಇದು ಬೇಗ ಆರಾಮ ಕೊಡುತ್ತದೆ, ಕೆಲವು ವಾರದ ಮಟ್ಟಿಗೆ. ನಾನೂ ಕೊಡುತ್ತೇನೆ. ಆದರೆ ಮತ್ತೆ ಮತ್ತೆ ಬೇಡ. 140 ಜನರಲ್ಲಿ ಮೂರು ತಿಂಗಳಿಗೊಮ್ಮೆ ಎರಡು ವರ್ಷ ಸ್ಟೆರಾಯ್ಡ್ ಕೊಟ್ಟು, ಬರೀ ಉಪ್ಪು ನೀರಿನ ಇಂಜೆಕ್ಷನ್ ಜೊತೆ ಹೋಲಿಸಿದ ಪರೀಕ್ಷೆ 2017ರಲ್ಲಿ ಬಂತು. ನೋವಿನಲ್ಲಿ ವ್ಯತ್ಯಾಸ ಇಲ್ಲ, ಹೊದಿಕೆ ಮಾತ್ರ ಸ್ಟೆರಾಯ್ಡ್ ಗುಂಪಿನಲ್ಲಿ ಜಾಸ್ತಿ ಸವೆದಿತ್ತು. ನಿಮ್ಮ ಅಮ್ಮನಿಗೆ ಸಕ್ಕರೆ ಇರುವುದರಿಂದ ಇನ್ನೊಂದು ಮಾತು. ಸ್ಟೆರಾಯ್ಡ್ ಚುಚ್ಚಿದ ಮೇಲೆ ಕೆಲವು ದಿನ, ಕೆಲವರಿಗೆ ಒಂದು ವಾರದವರೆಗೆ, ಸಕ್ಕರೆ ಏರುತ್ತದೆ. ಮನೆಯಲ್ಲೇ ದಿನಕ್ಕೆ ಎರಡು ಸಲ ಚೆಕ್ ಮಾಡಿ, ಸಕ್ಕರೆ ನೋಡುವ ಡಾಕ್ಟರಿಗೂ ತಿಳಿಸಿಡಿ.

ಜೆಲ್ ಇಂಜೆಕ್ಷನ್, ಅಂದರೆ "ಗ್ರೀಸ್ ಹಾಕುವುದು". 2022ರಲ್ಲಿ 169 ಪರೀಕ್ಷೆಗಳನ್ನು ಒಟ್ಟು ಮಾಡಿ ನೋಡಿದಾಗ ಇದರ ಲಾಭ ಉಪ್ಪು ನೀರಿಗಿಂತ ಒಂದು ಕೂದಲೆಳೆಯಷ್ಟು, ರೋಗಿಗೆ ಗೊತ್ತಾಗುವಷ್ಟು ಇಲ್ಲ. ಪಕ್ಕದ ಮನೆಯವರು ಹೇಳಿದ ಪಿಆರ್‌ಪಿ: ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಮಾಡಿ 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದೂ ಒಂದು ವರ್ಷದ ಕೊನೆಗೆ ಉಪ್ಪು ನೀರನ್ನು ಮೀರಿಸಲಿಲ್ಲ. ಇದರಿಂದ ದೊಡ್ಡ ಅಪಾಯ ಅಂತ ನಾನು ಹೇಳುವುದಿಲ್ಲ. ದುಡ್ಡು ನಿಮ್ಮದು, ಅದಕ್ಕೆ ಸಿಗುವ ಲಾಭ ಗಟ್ಟಿ ಇಲ್ಲ ಅಂತ ಹೇಳುವುದು ನನ್ನ ಕೆಲಸ. ಗ್ಲುಕೋಸಮೈನ್ ಮಾತ್ರೆಗೂ ಇದೇ ಮಾತು. 1,583 ಜನರ ಪರೀಕ್ಷೆ 2006ರಲ್ಲೇ ಬಂದಿದೆ. ಒಟ್ಟಾರೆ ನೋಡಿದರೆ ಮದ್ದೇ ಇಲ್ಲದ ಖಾಲಿ ಮಾತ್ರೆಗಿಂತ ಜಾಸ್ತಿ ಕೆಲಸ ಮಾಡಲಿಲ್ಲ.

ಈಗ ವ್ಯಾಯಾಮ. "ಅದನ್ನು ಮಾಡಿಸಿದೆವು ಡಾಕ್ಟ್ರೆ, ಹತ್ತು ದಿನ ಕರೆಂಟ್ ಇಟ್ಟರು, ಏನೂ ಆಗಲಿಲ್ಲ" ಅಂತ ಹತ್ತರಲ್ಲಿ ಆರು ಜನ ನನಗೆ ಹೇಳುತ್ತಾರೆ. ಕರೆಂಟ್ ಇಡುವುದು, ಮೇಣದ ಶಾಖ ಕೊಡುವುದು ಆ ಹೊತ್ತಿಗೆ ಹಿತ. ಆದರೆ ಮಲಗಿಕೊಂಡು ಕರೆಂಟ್ ಇಡಿಸಿಕೊಂಡರೆ ತೊಡೆಗೆ ಬಲ ಬರುವುದಿಲ್ಲ. ನಾನು ಹೇಳುವ ವ್ಯಾಯಾಮ ಬೇರೆ. ಅದನ್ನು ಒಬ್ಬರ ಕಥೆಯಲ್ಲೇ ಹೇಳುತ್ತೇನೆ.

ಕಳೆದ ವರ್ಷ ಮೂಲ್ಕಿ ಕಡೆಯ ಒಬ್ಬರು ಅಮ್ಮ ಬಂದರು. ವಯಸ್ಸು, ತೂಕ, ಸಕ್ಕರೆ ಎಲ್ಲ ನಿಮ್ಮ ಅಮ್ಮನ ಹಾಗೇ. ಗೋಡೆಗೆ ತಾಗಿಸಿ ಇಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಕೈ ಎದೆಗೆ ಕಟ್ಟಿಕೊಂಡು ಎದ್ದು ಕೂತು, ಎದ್ದು ಕೂತು ಮಾಡಿ ಎಂದೆ. ಅರ್ಧ ನಿಮಿಷದಲ್ಲಿ ನಾಲ್ಕು ಸಲ ಆಯಿತು. ಐದನೆಯದಕ್ಕೆ ಕೈ ತಾನಾಗಿ ಕುರ್ಚಿಯ ಹಿಡಿ ಹಿಡಿಯಿತು. ಟೇಪಿನಲ್ಲಿ ತೊಡೆ ಅಳೆದರೆ ನೋವಿನ ಕಡೆ ಎರಡು ಸೆಂಟಿಮೀಟರ್ ಸಣ್ಣ. ನೋವು ಅಂತ ಆ ಕಾಲಿಗೆ ಭಾರ ಕೊಡದೆ, ಕೊಡದೆ, ಸ್ನಾಯು ಕರಗಿತ್ತು. ಸ್ನಾಯು ಕರಗಿದ್ದರಿಂದ ಕೀಲಿಗೆ ಭಾರ ಜಾಸ್ತಿ ಬಿದ್ದು, ನೋವು ಇನ್ನೂ ಏರಿತ್ತು. ಫಿಸಿಯೋಥೆರಪಿಸ್ಟ್ ಆರು ವಾರ, ವಾರಕ್ಕೆ ಎರಡು ಸಲ ಎದುರು ನಿಂತು ಮಾಡಿಸಿದರು. ಕೂತು ಏಳುವುದು. ಕುರ್ಚಿಯಲ್ಲಿ ಕೂತು ಕಾಲು ನೆಟ್ಟಗೆ ಚಾಚಿ ಹತ್ತು ಎಣಿಸುವುದು. ಬೈರಾಸನ್ನು (ಟವೆಲ್) ಸುರುಳಿ ಸುತ್ತಿ ಮೊಣಕಾಲಿನ ಕೆಳಗಿಟ್ಟು ಒತ್ತುವುದು. ಒಂದು ಮೆಟ್ಟಿಲು ಹತ್ತಿ ನಿಧಾನ ಇಳಿಯುವುದು. ಉಳಿದ ದಿನ ಮನೆಯಲ್ಲಿ, ಸಾಯಂಕಾಲ ದೀಪ ಹಚ್ಚುವ ಮೊದಲು, ಅಂತ ಅವರೇ ಹೊತ್ತು ಇಟ್ಟುಕೊಂಡರು. ಮೊದಲ ಎರಡು ವಾರ ನೋವು ಜಾಸ್ತಿಯೇ ಆಯಿತು, ಬಿಡುತ್ತೇನೆ ಎಂದರು. ಆರನೇ ವಾರ ಕುರ್ಚಿಯಿಂದ ಎಂಟು ಸಲ ಎದ್ದರು. ಕೈ ಎದೆಯ ಮೇಲೇ ಇತ್ತು.

ನೋವಾದರೆ ಸವೆತ ಜಾಸ್ತಿಯಾಗುತ್ತದೆ ಅಂತ ಹೆದರಿ ಎಷ್ಟೋ ಜನ ಬಿಡುತ್ತಾರೆ. ಒಂದು ಲೆಕ್ಕ ಇಟ್ಟುಕೊಳ್ಳಿ. ಹತ್ತಕ್ಕೆ ಐದರ ಒಳಗಿನ ನೋವು ಬಂದು, ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದರೆ ತೊಂದರೆ ಇಲ್ಲ. ಮರುದಿನವೂ ಉಳಿದರೆ ಸ್ವಲ್ಪ ಕಮ್ಮಿ ಮಾಡಿ, ನಿಲ್ಲಿಸಬೇಡಿ.

ಇದನ್ನೂ ಹೋಲಿಸಿ ನೋಡಿದ್ದಾರೆ. ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ 156 ಜನರಲ್ಲಿ ಅರ್ಧ ಮಂದಿಗೆ ಸ್ಟೆರಾಯ್ಡ್ ಇಂಜೆಕ್ಷನ್, ಅರ್ಧ ಮಂದಿಗೆ ಫಿಸಿಯೋಥೆರಪಿ. ಫಲಿತಾಂಶ 2020ರಲ್ಲಿ ಬಂತು. ನೋವು, ಬಿಗಿತ, ಓಡಾಟದ ಕಷ್ಟ ಸೇರಿಸಿ 240ರವರೆಗಿನ ಒಂದು ಅಳತೆ, ಅಂಕ ಜಾಸ್ತಿ ಇದ್ದಷ್ಟು ಕಷ್ಟ ಜಾಸ್ತಿ. ಶುರುವಿನಲ್ಲಿ ಎರಡೂ ಗುಂಪು 108ರ ಆಸುಪಾಸು. ಒಂದು ವರ್ಷ ಕಳೆದಾಗ ಇಂಜೆಕ್ಷನ್ ಗುಂಪು ಸುಮಾರು 56, ಫಿಸಿಯೋಥೆರಪಿ ಗುಂಪು 37. ಇಬ್ಬರೂ ಹಗುರವಾದರು, ಫಿಸಿಯೋಥೆರಪಿ ದಾರಿ ಹಿಡಿದವರು ಇನ್ನಷ್ಟು ಹಗುರವಾದರು. ವ್ಯಾಯಾಮದಿಂದ ಹೊದಿಕೆ ತಿರುಗಿ ಬೆಳೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಲ್ಲರಿಗೂ ಒಂದೇ ಥರ ಗುಣ ಸಿಗುವುದೂ ಇಲ್ಲ.

ಜೊತೆಗೆ ತೂಕ. ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ಇಳಿಯುತ್ತದೆ. ಅಮ್ಮ 74ರಿಂದ 68ಕ್ಕೆ ಬಂದರೆ ಒಂದು ಹೆಜ್ಜೆಗೆ 24 ಕೆ.ಜಿ., ಹತ್ತಿರ ಹತ್ತಿರ ಒಂದು ಮೂಟೆ ಅಕ್ಕಿ. ಕುಚ್ಚಲಕ್ಕಿ ಊಟ ಬಿಡಿ ಅಂತ ನಾನು ಹೇಳುವುದಿಲ್ಲ, ಕರಾವಳಿಯಲ್ಲಿ ಅದು ನಡೆಯುವ ಮಾತೂ ಅಲ್ಲ. ರಾತ್ರಿಯ ಅನ್ನ ಅರ್ಧ ಮಾಡಿ, ಪಲ್ಯ ಎರಡು ಪಾಲು ಮಾಡಿ. ಸಾಯಂಕಾಲದ ಸಿಹಿ ಚಹಾ, ಗೋಳಿಬಜೆ ವಾರಕ್ಕೊಮ್ಮೆ ಇರಲಿ. ಸಕ್ಕರೆಗೂ ಇದೇ ಮದ್ದು.

ನೋವಿನ ಮಾತ್ರೆ ವಿಚಾರದಲ್ಲಿ ನನಗೆ ನಿಜವಾಗಿ ಹೆದರಿಕೆ ಇದೆ. ಮೆಡಿಕಲ್‌ನಿಂದ ಕೇಳಿ ತಂದು ತಿಂಗಳುಗಟ್ಟಲೆ ನುಂಗುವವರು ನಮ್ಮಲ್ಲಿ ತುಂಬಾ. ಸಕ್ಕರೆ ಇರುವವರ ಕಿಡ್ನಿ ಮೊದಲೇ ಸೂಕ್ಷ್ಮ. ಡೈಕ್ಲೋಫೆನಾಕ್ ಥರದ ಮಾತ್ರೆಗಳು ಕಿಡ್ನಿಗೂ ಹೊಟ್ಟೆಗೂ ರಕ್ತದೊತ್ತಡಕ್ಕೂ ತೊಂದರೆ ಕೊಡುತ್ತವೆ. ಅದೇ ಮದ್ದಿನ ಮುಲಾಮು ಮೊಣಕಾಲಿಗೆ ಹಚ್ಚಿದರೆ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಬಹಳ ಕಮ್ಮಿ. ಇನ್ನೊಂದು, ಕೋಲು. ಬಲಗಾಲು ನೋವಿದ್ದರೆ ಕೋಲು ಎಡಗೈಯಲ್ಲಿ ಹಿಡಿಯಬೇಕು. ಕೋಲು ಹಿಡಿದರೆ ಮುದುಕಿ ಆದೆ ಅಂತ ನಾಚಿಕೆ ಪಡುವವರಿಗೆ ನಾನು ಕೊಡೆ ಹೇಳುತ್ತೇನೆ. ಗಟ್ಟಿ ತುದಿಯ ಉದ್ದ ಕೊಡೆ ಹಿಡಿದರೆ ಯಾರೂ ಕೇಳುವುದಿಲ್ಲ.

ಮಾವ ತಂದುಕೊಟ್ಟ ಎಣ್ಣೆಗೆ ನನ್ನ ಆಕ್ಷೇಪ ಇಲ್ಲ. ಬಿಸಿ ಮಾಡಿ ಮೆಲ್ಲಗೆ ಹಚ್ಚಿ, ಸ್ನಾಯು ಸಡಿಲವಾಗುತ್ತದೆ, ಹಿತ ಅನ್ನಿಸುತ್ತದೆ. ಸಕ್ಕರೆ ಇರುವ ಕಾಲಿಗೆ ಬಿಸಿ ಗೊತ್ತಾಗದೆ ಸುಡಬಹುದು, ನಿಮ್ಮ ಕೈಯಲ್ಲಿ ನೋಡಿ ಹಚ್ಚಿ. ಪುಡಿ ಮಾತ್ರ ನಿಲ್ಲಿಸಿ, ಅದರಲ್ಲಿ ಏನಿದೆ ಅಂತ ಬರೆದಿಲ್ಲದಿದ್ದರೆ. ಲೇಬಲ್ ಇಲ್ಲದ ಪುಡಿಯಲ್ಲಿ ಸ್ಟೆರಾಯ್ಡ್ ಬೆರೆಸಿ ಕೊಡುವುದುಂಟು. ಎರಡೇ ದಿನದಲ್ಲಿ ನೋವು ಮಾಯ, ಮುಖ ಊದಿಕೊಳ್ಳುತ್ತದೆ, ಸಕ್ಕರೆ ಹಿಡಿತ ತಪ್ಪುತ್ತದೆ. ಅಮ್ಮ ಅದನ್ನು ಹಲವು ವಾರದಿಂದ ತಗೊಳ್ಳುತ್ತಿದ್ದರೆ ಒಮ್ಮೆಲೇ ಬಿಡಬೇಡಿ. ಪೊಟ್ಟಣದ ಜೊತೆ ಡಾಕ್ಟರ ಹತ್ತಿರ ಹೋಗಿ, ಅವರು ಹೇಳಿದ ಹಾಗೆ ಬಿಡಿ.

ಇನ್ನು ದೊಡ್ಡ ಆಪರೇಷನ್. ಹೆಸರು "ಚಿಪ್ಪು ಬದಲಿಸುವುದು" ಆದರೂ ಇಲ್ಲಿ ಮುಖ್ಯವಾಗಿ ಬದಲಾಗುವುದು ಚಿಪ್ಪಲ್ಲ, ಇಡೀ ಮೊಣಕಾಲು ಕಡಿದು ತೆಗೆಯುವುದೂ ಇಲ್ಲ. ಎರಡು ಎಲುಬಿನ ಸವೆದ ಮೇಲ್ಮೈಯನ್ನು ಕೆಲವು ಮಿಲಿಮೀಟರ್ ಕೆರೆದು, ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ ಲೋಹದ ಕ್ಯಾಪ್ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತೇವೆ. ಮಂಚ ಹಿಡಿಯುತ್ತಾರೆ ಎನ್ನುವುದು ಹಳೆಯ ಭಯ. ಈಗ ಅದೇ ದಿನ ಇಲ್ಲವೇ ಮರುದಿನ ವಾಕರ್ ಹಿಡಿಸಿ ನಡೆಸುತ್ತೇವೆ. ಮಂಚ ಹಿಡಿದವರನ್ನು ನಾನು ನೋಡಿದ್ದು, ಆಪರೇಷನ್ ಬೇಕಾದಾಗ ಹತ್ತು ವರ್ಷ ಮುಂದೆ ಹಾಕಿ ಕಾಲು ಪೂರ್ತಿ ಬಾಗಿಹೋದವರಲ್ಲಿ.

ಇದಕ್ಕೂ ಹೋಲಿಕೆ ಇದೆ, ನನಗೆ ತುಂಬಾ ಪ್ರಾಮಾಣಿಕ ಅನ್ನಿಸಿದ ಪರೀಕ್ಷೆ. ಡೆನ್ಮಾರ್ಕಿನಲ್ಲಿ, ಆಪರೇಷನ್ನಿಗೆ ಯೋಗ್ಯ ಅಂತ ಡಾಕ್ಟರು ಹೇಳಿದ 100 ಜನ. 50 ಮಂದಿಗೆ ಆಪರೇಷನ್, ಅದರ ಜೊತೆ ವ್ಯಾಯಾಮ, ಆಹಾರ ಸಲಹೆ ಎಲ್ಲ. ಇನ್ನು 50 ಮಂದಿಗೆ ಆಪರೇಷನ್ ಬಿಟ್ಟು ಉಳಿದದ್ದೆಲ್ಲ. 2015ರಲ್ಲಿ ಬಂದ ಫಲಿತಾಂಶ ಹೀಗಿತ್ತು. ನೂರು ಅಂಕದ ಅಳತೆಯಲ್ಲಿ ಆಪರೇಷನ್ ಗುಂಪು ಒಂದು ವರ್ಷದಲ್ಲಿ ಸುಮಾರು 32 ಅಂಕ ಸುಧಾರಿಸಿತು, ಇನ್ನೊಂದು ಗುಂಪು 16. ಆಪರೇಷನ್ ದುಪ್ಪಟ್ಟು ಗುಣ ಕೊಟ್ಟಿತು, ಅದರಲ್ಲಿ ಅನುಮಾನ ಇಲ್ಲ. ಆದರೆ ಗಂಭೀರ ತೊಂದರೆಗಳು ಆಪರೇಷನ್ ಗುಂಪಿನಲ್ಲಿ 24, ಇನ್ನೊಂದರಲ್ಲಿ 6. ಆಪರೇಷನ್ ಇಲ್ಲದ 50ರಲ್ಲಿ ಆ ಒಂದು ವರ್ಷದೊಳಗೆ ಕೊನೆಗೆ ಆಪರೇಷನ್ ಬೇಕು ಎಂದು ಹೋದವರು 13 ಮಂದಿ. ಉಳಿದ 37 ಮಂದಿ ಆ ವರ್ಷವನ್ನು ಕತ್ತಿ ತಾಗಿಸದೆ ಕಳೆದರು.

ಆಪರೇಷನ್ನಿನ ಬಾಳಿಕೆ ಒಳ್ಳೆಯದೇ. 25 ವರ್ಷ ಕಳೆದರೂ ಹತ್ತರಲ್ಲಿ ಎಂಟು ಮೊಣಕಾಲು ಕೆಲಸ ಮಾಡುತ್ತಿರುತ್ತವೆ. ಆದರೆ ಸೋಂಕು ನೂರರಲ್ಲಿ ಒಂದೆರಡು ಮಂದಿಗೆ ಆಗುತ್ತದೆ, ಸಕ್ಕರೆ ಹಿಡಿತದಲ್ಲಿ ಇಲ್ಲದವರಿಗೆ ಜಾಸ್ತಿ. ಸೋಂಕು ಆಯಿತೆಂದರೆ ಅದು ಸಣ್ಣ ಕಷ್ಟ ಅಲ್ಲ, ಕೆಲವೊಮ್ಮೆ ಕ್ಯಾಪ್ ಪೂರ್ತಿ ತೆಗೆದು ಮತ್ತೆ ಹಾಕಬೇಕು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಎಲ್ಲ ಸರಿಯಾದರೂ ಹತ್ತರಲ್ಲಿ ಒಬ್ಬಿಬ್ಬರು "ಅಂದುಕೊಂಡಷ್ಟು ಆಗಲಿಲ್ಲ" ಎನ್ನುತ್ತಾರೆ. ಇದನ್ನು ಮೊದಲೇ ಹೇಳದ ಡಾಕ್ಟರ ಹತ್ತಿರ ಇನ್ನೊಮ್ಮೆ ಕೇಳಿ. ಎರಡೂ ಕಾಲು ಒಟ್ಟಿಗೆ ಎನ್ನುವುದಕ್ಕೆ ನಾನು ಬೇಡ ಎನ್ನುತ್ತೇನೆ. ಅಮ್ಮನಿಗೆ ನೋವಿರುವುದು ಬಲಗಾಲಿಗೆ. ನೋವೇ ಇಲ್ಲದ ಎಡಗಾಲನ್ನು ಎಕ್ಸ್‌ರೇ ನೋಡಿ ಕೊಯ್ಯುವುದು ಯಾಕೆ? ಒಟ್ಟಿಗೆ ಮಾಡಿದರೆ ಹೃದಯಕ್ಕೂ ಹೆಪ್ಪುಗಟ್ಟುವುದಕ್ಕೂ ಅಪಾಯ ಏರುತ್ತದೆ. ಇಂಪ್ಲಾಂಟಿನ, ಅಂದರೆ ಒಳಗೆ ಕೂರಿಸುವ ಕ್ಯಾಪಿನ, ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟಿನಲ್ಲೇ ಮಿತಿ ಹಾಕಿದೆ. ಬಿಲ್ಲಿನಲ್ಲಿ ಇಂಪ್ಲಾಂಟಿನ ಹೆಸರು, ಬೆಲೆ ಬೇರೆ ಬರೆದು ಕೊಡಿ ಅಂತ ಕೇಳಿ.

ಹಾಗಾದರೆ ನಿಮ್ಮ ಅಮ್ಮನಿಗೆ? ನನ್ನ ತಾಯಿಯೇ ಆಗಿದ್ದರೆ ನಾನು ಹೀಗೆ ಮಾಡುತ್ತಿದ್ದೆ. ಮೊದಲು, ನಿಂತುಕೊಂಡು ತೆಗೆಸಿದ ಎಕ್ಸ್‌ರೇ ಇದೆಯಾ ನೋಡುತ್ತಿದ್ದೆ. ಮಲಗಿಸಿ ತೆಗೆದ ಫಿಲ್ಮಿನಲ್ಲಿ ಗ್ಯಾಪ್ ಸರಿಯಾಗಿ ಕಾಣುವುದಿಲ್ಲ. ಸೊಂಟದ ಕೀಲನ್ನೂ ಬೆನ್ನನ್ನೂ ಪರೀಕ್ಷೆ ಮಾಡಿಸುತ್ತಿದ್ದೆ, ಅಲ್ಲಿನ ನೋವು ಮೊಣಕಾಲಿನಲ್ಲಿ ಕಾಣಿಸಿಕೊಳ್ಳುವುದುಂಟು. ಬೆಳಿಗ್ಗೆ ಎದ್ದಾಗ ಬಿಗಿತ ಒಂದು ಗಂಟೆ ಬಿಡುವುದೇ ಇಲ್ಲವೆಂದರೆ, ಕೈಬೆರಳ ಗಂಟುಗಳೂ ಊದಿದ್ದರೆ, ಅದು ಸವೆತ ಅಲ್ಲದ ಬೇರೆ ವಾತ ಇರಬಹುದು, ರಕ್ತ ಪರೀಕ್ಷೆ ಬೇಕು. ಇದೆಲ್ಲ ಸರಿ ಇದ್ದರೆ, ನಿಜವಾದ ವ್ಯಾಯಾಮ ಮೂರು ತಿಂಗಳು, ತೂಕ, ಮುಲಾಮು, ಕೋಲು. ನೋವಿಗೆ ವ್ಯಾಯಾಮವೇ ಆಗದಿದ್ದರೆ ಶುರು ಮಾಡಲಿಕ್ಕೆ ಒಂದು ಸ್ಟೆರಾಯ್ಡ್ ಇಂಜೆಕ್ಷನ್, ಒಂದೇ. ಇಂಜೆಕ್ಷನ್ ತಗೊಂಡ ಮೇಲೆ ಮೂರು ತಿಂಗಳು ಆ ಕಾಲಿಗೆ ದೊಡ್ಡ ಆಪರೇಷನ್ ಮಾಡಿಸಬಾರದು, ಸೋಂಕಿನ ಅಪಾಯ ಏರುತ್ತದೆ.

ಮೂರು ತಿಂಗಳ ನಂತರವೂ ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ, ಮನೆಯಂಗಳ ದಾಟಲು ಆಗದಿದ್ದರೆ, ಆಗ ಬಲಗಾಲಿನ ಆಪರೇಷನ್ ಮಾತಾಡುವುದು ಸರಿ. ಅಷ್ಟರೊಳಗೆ ಮೂರು ತಿಂಗಳ ಸಕ್ಕರೆ ಸರಾಸರಿ, ಎಚ್‌ಬಿಎ1ಸಿ ಅಂತಾರಲ್ಲ, ಅದನ್ನು 8ರ ಒಳಗೆ ತಂದಿಡಿ. ಈ ವ್ಯಾಯಾಮ ವ್ಯರ್ಥ ಆಗುವುದಿಲ್ಲ. ತೊಡೆ ಗಟ್ಟಿ ಇದ್ದವರು ಆಪರೇಷನ್ ನಂತರವೂ ಬೇಗ ನಡೆಯುತ್ತಾರೆ. ಮುಂದಿನ ಸಲ ಯಾವ ಡಾಕ್ಟರು ಏನೇ ಹೇಳಿದರೂ ನೀವು ಕೇಳಬೇಕಾದದ್ದು ಇಷ್ಟು: "ಇದನ್ನು ಮಾಡಿಸದೆ ವ್ಯಾಯಾಮ ಮಾತ್ರ ಮಾಡಿದವರಿಗಿಂತ ಮಾಡಿಸಿದವರು ಒಂದು ವರ್ಷ ಬಿಟ್ಟು ಎಷ್ಟು ಚೆನ್ನಾಗಿದ್ದಾರೆ?" ಕೋಪ ಮಾಡಿಕೊಳ್ಳದೆ ಉತ್ತರ ಕೊಡುವವರ ಹತ್ತಿರ ಹೋಗಿ.

ಒಂದು ಎಚ್ಚರ. ಮೊಣಕಾಲು ಒಮ್ಮೆಲೇ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮೀನಖಂಡ ಊದಿ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಕೊನೆಗೆ ಮಲ್ಲಿಗೆ. ನೀವು ಇದನ್ನು ಪತ್ರದ ಕೊನೆಯಲ್ಲಿ ಒಂದು ಸಾಲಲ್ಲಿ ಬರೆದಿದ್ದೀರಿ, ಆದರೆ ಅಮ್ಮನಿಗೆ ಮೊದಲಿನ ಪ್ರಶ್ನೆ ಇದೇ ಇರಬೇಕು. ಕಟ್ಟಬಹುದು. ಆಪರೇಷನ್ ಆಗಲಿ ಬಿಡಲಿ, ನೆಲದಲ್ಲಿ ಕಾಲು ಮಡಚಿ ಕೂರುವುದು ಮಾತ್ರ ಇನ್ನು ಬೇಡ. ಮೆಟ್ಟುಕತ್ತಿಯ ಮುಂದೆ ಕುಕ್ಕರಗಾಲಲ್ಲಿ ಕೂರುವುದೂ ಬೇಡ. ಎತ್ತರದ ಕುರ್ಚಿ ಇಡಿ, ಕೂತರೆ ಸೊಂಟ ಮೊಣಕಾಲಿಗಿಂತ ಸ್ವಲ್ಪ ಮೇಲೆ ಇರಬೇಕು. ಎದುರಿಗೆ ಮೊಳಕೈ ಮಟ್ಟದ ಮೇಜು, ಅದರ ಮೇಲೆ ಮೊಗ್ಗಿನ ಬುಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಾಳೆನಾರು. ಒಂದು ಚೆಂಡು ಕಟ್ಟಿ ಮುಗಿದಾಗಲೆಲ್ಲ ಎದ್ದು, ಬಾಗಿಲವರೆಗೆ ಹೋಗಿ, ಬಂದು ಕೂರಲಿ. ಮೊದಲ ವಾರ ಕೈ ನಿಧಾನವಾಗುತ್ತದೆ ಅಂತ ಅವರು ಗೊಣಗಬಹುದು. ಬೆಳಿಗ್ಗೆ ಒಂದು ಅರ್ಧ ಗಂಟೆ ಬೇಗ ಕೊಯ್ಯಲು ನೀವೂ ಜೊತೆಗೆ ಹೋಗಿ. ಕಟ್ಟೆಗೆ ಹೊತ್ತಿಗೆ ಸರಿಯಾಗಿ ತಲುಪುತ್ತದೆ.